ನೋಡುವುದಕ್ಕೆ ಗುತ್ತಿಗೆ ಇತ್ತು, ರಿಪೇರಿಗೆ ಇರಲಿಲ್ಲ

ಧಾರವಾಡದ ಓದುಗರೊಬ್ಬರ ಪತ್ರ: ‘ಇರಾಕ್ ಯುದ್ಧದಲ್ಲಿ ಅಮೆರಿಕ ತನ್ನ ಸೈನಿಕರ ಊಟ, ನೀರು, ಕರೆಂಟನ್ನೆಲ್ಲ ಖಾಸಗಿ ಕಂಪನಿಗೆ ಒಪ್ಪಿಸಿತ್ತಂತೆ. ಸ್ನಾನದ ಮನೆಯಲ್ಲಿ ಶಾಕ್ ಹೊಡೆದು ಸೈನಿಕ ಸತ್ತನೆಂದು ಓದಿದೆ. ಲಾಭಕ್ಕೆ ಬಿದ್ದವರಿಂದ ಇನ್ನೇನು ನಿರೀಕ್ಷಿಸಲಿಕ್ಕಾದೀತು? ಸೈನ್ಯವೇ ಮಾಡಿಕೊಂಡಿದ್ದರೆ ಹೀಗಾಗುತ್ತಿತ್ತೇ?’

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ತಪ್ಪನ್ನೆಲ್ಲ ಲಾಭದಾಸೆಯ ಮೇಲೆ ಹೊರಿಸಿದರೆ, ಕೆಲಸ ಕೊಟ್ಟವನು ಸದ್ದಿಲ್ಲದೆ ಜಾರಿಕೊಳ್ಳುತ್ತಾನೆ.

ನೀವು ಓದಿದ ಸಾವು ಸಂಭವಿಸಿದ್ದು 2008ರ ಜನವರಿ 2ರಂದು, ಬಾಗ್ದಾದಿನ ರದ್ವಾನಿಯಾ ಅರಮನೆ ಸಮುಚ್ಚಯದಲ್ಲಿ. ಕಟ್ಟಡದ ಮೇಲಿದ್ದ ನೀರಿನ ಪಂಪಿನೊಳಗೆ ಶಾರ್ಟ್ ಆಯಿತು. ಪಂಪಿಗೆ ಅರ್ಥಿಂಗ್ ಇರಲಿಲ್ಲ. ಅರ್ಥಿಂಗ್ ಸರಿಯಿದ್ದರೆ ಕರೆಂಟು ಆ ತಂತಿಯಲ್ಲೇ ಜೋರಾಗಿ ಹರಿದು ಬ್ರೇಕರ್ ಬೀಳುತ್ತದೆ. ಇಲ್ಲದಿದ್ದರೆ ಪಂಪಿನ ಕವಚ, ಅದಕ್ಕಂಟಿದ ಕಬ್ಬಿಣದ ಪೈಪು, ಕೊನೆಗೆ ನಲ್ಲಿಯವರೆಗೂ ಎಲ್ಲಕ್ಕೂ ಕರೆಂಟು ಬಂದಿರುತ್ತದೆ. ಯಾರಾದರೂ ಮುಟ್ಟುವವರೆಗೆ ಗೊತ್ತೇ ಆಗುವುದಿಲ್ಲ. ಒದ್ದೆ ಮೈಯೊಳಗೆ 100 ಮಿಲಿಆಂಪಿಯರ್ ಹರಿದರೂ ಹೃದಯದ ಬಡಿತ ಕೆಡುತ್ತದೆ. 16 ಆಂಪಿಯರ್‌ನ ಸಾಮಾನ್ಯ ಬ್ರೇಕರಿಗೆ ಅದು ಲೆಕ್ಕಕ್ಕೇ ಇಲ್ಲ. 30 ಮಿಲಿಆಂಪಿಯರ್ ಸೋರಿಕೆಗೇ ಕಡಿತವಾಗುವ ಆರ್‌ಸಿಸಿಬಿ ಎಂಬ ಸುರಕ್ಷಾ ಸ್ವಿಚ್ಚು ಅಂಥ ಕಡೆ ಇರಲೇಬೇಕು.

ನನಗೆ ಹೆಚ್ಚು ನೋವಾಗುವುದು ಮುಂದಿನ ವಿಷಯದಿಂದ. ಕಟ್ಟಡದಲ್ಲಿ ಅರ್ಥಿಂಗ್ ಇಲ್ಲವೆಂದು ನಿರ್ವಹಣೆ ಹೊತ್ತಿದ್ದ ಕೆಬಿಆರ್ ಕಂಪನಿಯ ತಪಾಸಣೆಯೇ 2007ರ ಆರಂಭದಲ್ಲಿ ಬರೆದಿಟ್ಟಿತ್ತು. ಆದರೆ ಆ ಕಟ್ಟಡಕ್ಕಿದ್ದದ್ದು ಸೀಮಿತ ನಿರ್ವಹಣೆಯ ಗುತ್ತಿಗೆ: ಸೈನ್ಯ ಕೆಲಸದ ಆದೇಶ ಕೊಟ್ಟರೆ ಮಾತ್ರ ರಿಪೇರಿ. ಕಂಡ ದೋಷ ಕಾಗದದಲ್ಲೇ ಉಳಿಯಿತು. ಪಂಪು ಕೆಟ್ಟಿದೆಯೆಂಬ ದೂರು ಬಂದರೆ ಪಂಪು ನೋಡುತ್ತಾರೆ. ಅದರ ಅರ್ಥಿಂಗ್ ಯಾರ ಕೆಲಸವೂ ಅಲ್ಲ. ಅಮೆರಿಕದ ರಕ್ಷಣಾ ಇಲಾಖೆಯ ಒಳತನಿಖೆ ನಡೆಸುವ ಇನ್‌ಸ್ಪೆಕ್ಟರ್ ಜನರಲ್ 2009ರ ವರದಿಯಲ್ಲಿ ಕಂಪನಿಯನ್ನೂ ಸೇನಾಧಿಕಾರಿಗಳನ್ನೂ ದೂರಿದ್ದು ಇದಕ್ಕೇ. ಆ ಯುದ್ಧದಲ್ಲಿ ಶಾಕ್‌ನಿಂದ ಸತ್ತ 18 ಜನರ ಪ್ರಕರಣಗಳನ್ನು ಇಲಾಖೆ ಪರಿಶೀಲಿಸಿತು. ಅವೆಲ್ಲವೂ ಗುತ್ತಿಗೆದಾರನ ತಲೆಗೆ ಬರುವಂಥವಲ್ಲ, ಲೈನಿನ ತಂತಿ ತಗುಲಿ ಸತ್ತವರೂ ಇದ್ದರು.

ಸೈನ್ಯವೇ ಮಾಡಿದ್ದರೆ ಎಂಬ ಪ್ರಶ್ನೆಗೆ ನೀರಿನ ಕತೆ ಉತ್ತರ ಕೊಡುತ್ತದೆ. ನಮ್ಮ ಮನೆಯ ಆರ್‌ಒ ಯಂತ್ರ ಹೊರಹಾಕುವ ನೀರನ್ನು ನಾವು ನೆಲ ಒರೆಸಲು ಬಳಸುತ್ತೇವಲ್ಲ, ಇರಾಕಿನ ಕ್ಯೂ-ವೆಸ್ಟ್ ಎಂಬ ಶಿಬಿರದಲ್ಲಿ ಅಂಥದೇ ನೀರು ಸೈನಿಕರ ಸ್ನಾನಕ್ಕೆ ಹೋಗುತ್ತಿತ್ತು. ಯಂತ್ರದ ಸೋಸುವ ಪೊರೆ ದಾಟಲಾಗದ ಉಪ್ಪು, ಸೂಕ್ಷ್ಮಜೀವಿ ಎಲ್ಲ ಆ ನೀರಿನಲ್ಲೇ ಸಾಂದ್ರವಾಗುತ್ತವೆ. ಕ್ಲೋರಿನ್ ಹಾಕದೆ ಅದನ್ನು ಮೈಗೆ ಬಳಸುವಂತಿಲ್ಲ. ಹಾಕಿದರೂ ಸಾಲದು: ಬಿಸಿಲಿಗೆ ಕಾದ ಟ್ಯಾಂಕಿನಲ್ಲಿ ಕ್ಲೋರಿನ್ ಬೇಗ ಇಳಿಯುತ್ತದೆ, ಆದ್ದರಿಂದ ಘಟಕದ ಬಾಗಿಲಲ್ಲಲ್ಲ, ಕಟ್ಟಕಡೆಯ ನಲ್ಲಿಯಲ್ಲಿ ಪ್ರತಿದಿನ ಅಳೆದು ಬರೆದಿಡಬೇಕು. 2008ರ ಮಾರ್ಚ್‌ನಲ್ಲಿ ಬಂದ ಇನ್‌ಸ್ಪೆಕ್ಟರ್ ಜನರಲ್ ವರದಿ ಕೆಬಿಆರ್ ನಡೆಸುತ್ತಿದ್ದ ಕಡೆಗಳಲ್ಲಿ ಲೋಪ ಕಂಡಿತು. ಸೈನ್ಯವೇ ನಡೆಸುತ್ತಿದ್ದ ಕಡೆಯೂ ಕಂಡಿತು. ಅಳೆಯುವವನಿಲ್ಲದಿದ್ದರೆ ಯಾರ ಸಮವಸ್ತ್ರವಾದರೇನು?

ಅಳೆಯುವವರು ಎಲ್ಲಿ ಹೋಗಿದ್ದರು? ಅಮೆರಿಕ ಸೈನ್ಯದ ಗುತ್ತಿಗೆ ವ್ಯವಸ್ಥೆಯನ್ನು ಪರಿಶೀಲಿಸಿದ ಗಾನ್ಸ್ಲರ್ ಆಯೋಗ 2007ರಲ್ಲಿ ಹೇಳಿದ್ದನ್ನು ನೋಡಿ: ಸೈನ್ಯದ ಗುತ್ತಿಗೆ ವಿಭಾಗದಲ್ಲಿ 1990ರಲ್ಲಿ ಜನರಲ್ ದರ್ಜೆಯ ಐದು ಹುದ್ದೆಗಳಿದ್ದವು, 2007ರ ಹೊತ್ತಿಗೆ ಒಂದೂ ಇರಲಿಲ್ಲ. ಶಿಬಿರದಲ್ಲಿ ಗುತ್ತಿಗೆದಾರನ ಕೆಲಸ ನೋಡಿಕೊಳ್ಳಲು ಸೈನ್ಯ ನೇಮಿಸುತ್ತಿದ್ದ ಪ್ರತಿನಿಧಿಗೆ ಅದು ಬಹಳಷ್ಟು ಕಡೆ ಮೈಮೇಲೆ ಬಿದ್ದ ಹೆಚ್ಚುವರಿ ಕೆಲಸವಾಗಿತ್ತು. ವೈರಿಂಗ್ ಓದಲು ಬರದವನು ವೈರಿಂಗ್ ಸರಿಯಿದೆಯೆಂದು ಸಹಿ ಹಾಕಬೇಕಿತ್ತು. ಬಿಲ್ಲಿನ ರೀತಿಯೂ ಕಾವಲು ಕಾಯುವಂಥದಲ್ಲ: ಕೆಬಿಆರ್‌ಗೆ ಈ ಕೆಲಸಗಳನ್ನು ಒಪ್ಪಿಸಿದ 2001ರ ಡಿಸೆಂಬರ್‌ನ ಲಾಗ್‌ಕ್ಯಾಪ್-3 ಎಂಬ ಗುತ್ತಿಗೆಯಲ್ಲಿ ಆದ ಖರ್ಚನ್ನೆಲ್ಲ ಕೊಟ್ಟು, ಮೇಲೆ ಶೇ 1ರ ಶುಲ್ಕ, ಕೆಲಸ ಮೆಚ್ಚಿದರೆ ಶೇ 2ರವರೆಗೆ ಬಹುಮಾನ. ಮೆಚ್ಚುವವನಿಗೇ ಕೆಲಸ ತಿಳಿಯದಿದ್ದರೆ ಬಹುಮಾನ ತಡೆಯುವವರಾರು? 2008ರ ಮೊದಲ ತಿಂಗಳುಗಳ ಬಹುಮಾನವನ್ನು ಸೈನ್ಯ ನಿರಾಕರಿಸಿದ್ದು 2010ರಲ್ಲಿ, ಅಷ್ಟೆಲ್ಲ ಆದ ಮೇಲೆ. ಇರಾಕ್, ಅಫ್ಘಾನಿಸ್ತಾನದ ಗುತ್ತಿಗೆಗಳಲ್ಲಿ ಪೋಲು, ವಂಚನೆಗೆ ಹೋದದ್ದು 3,100 ಕೋಟಿಯಿಂದ 6,000 ಕೋಟಿ ಡಾಲರ್ ಎಂದು 2011ರಲ್ಲಿ ಇನ್ನೊಂದು ಆಯೋಗ ಅಂದಾಜು ಮಾಡಿತು.

ನಮ್ಮಲ್ಲಿ ಸೈನಿಕರ ಪಡಿತರ ಸೈನ್ಯದ್ದೇ ಆರ್ಮಿ ಸರ್ವಿಸ್ ಕೋರ್‌ನ ಕೈಯಲ್ಲಿದೆ. ಅದರ ತರಬೇತಿ ಕೇಂದ್ರ ಬೆಂಗಳೂರಿನಲ್ಲೇ ಇದೆ. 2020ರ ಫೆಬ್ರುವರಿಯಲ್ಲಿ ಸಂಸತ್ತಿಗೆ ಬಂದ ಸಿಎಜಿ ವರದಿಯನ್ನು ದಯವಿಟ್ಟು ಓದಿ. ಅತಿ ಎತ್ತರದ ನೆಲೆಗಳಲ್ಲಿ ನಿಗದಿತ ಪದಾರ್ಥ ಸಿಗದಾಗ ಬದಲಿ ಕೊಡಲು ಅನುಮತಿ ಇತ್ತು, ಆದರೆ ಅದೇ ಬೆಲೆಗೆ ಬರುವಷ್ಟು ಮಾತ್ರ. ಬದಲಿ ಪದಾರ್ಥ ದುಬಾರಿಯಾದರೆ ತಟ್ಟೆಗೆ ಬೀಳುವುದು ಕಡಿಮೆ. ಇದರಿಂದ ಕ್ಯಾಲೊರಿಯಲ್ಲಿ ಶೇ 82ರವರೆಗೂ ಕೊರತೆ ಬಿದ್ದಿದ್ದನ್ನು ಸಿಎಜಿ ಎತ್ತಿ ತೋರಿಸಿತು. ಇಲ್ಲಿ ಲಾಭಕ್ಕೆ ಬಿದ್ದ ಕಂಪನಿಯಿರಲಿಲ್ಲ. ಅಳತೆಯನ್ನು ಕ್ಯಾಲೊರಿಯಲ್ಲಿ ಬರೆಯಬೇಕಾದ ಕಡೆ ರೂಪಾಯಿಯಲ್ಲಿ ಬರೆದಿದ್ದರು.