ವಾಟ್-ಇಫ್ ತೋರಿಸುವ ಮೈನಸ್ ಗುರುತು: ಯಾವುದು ನಿಜ, ಯಾವುದು ಜೊಳ್ಳು?

ಪ್ರಶ್ನೆ: ಚಿತ್ರದುರ್ಗದ ಮನೆಯಿಂದಲೇ ಬೆಂಗಳೂರಿನ ಒಂದು ಕಂಪನಿಗೆ ಕೆಲಸ ಮಾಡುತ್ತೇನೆ. ಮೈಕ್ರೋಸಾಫ್ಟಿನ ಕ್ಲೌಡ್ ಆದ ಅಜೂರ್‌ನಲ್ಲಿರುವ ನಮ್ಮ ನೆಟ್‌ವರ್ಕ್, ಸ್ಟೋರೇಜ್ ಎಲ್ಲವನ್ನೂ ಬೈಸೆಪ್ (ಅಜೂರ್‌ನಲ್ಲಿ ಏನೇನು ಇರಬೇಕು ಅಂತ ಬರೆಯುವ ಭಾಷೆ) ಫೈಲಿನಲ್ಲಿ ಬರೆದಿಟ್ಟಿದ್ದೇವೆ. ಡಿಪ್ಲಾಯ್ ಮಾಡುವ, ಅಂದರೆ ಆ ಫೈಲನ್ನು ಅಜೂರ್‌ನಲ್ಲಿ ಜಾರಿಗೆ ತರುವ ಮುಂಚೆ ವಾಟ್-ಇಫ್ ಕಮಾಂಡ್ ಓಡಿಸಿ ಏನೇನು ಬದಲಾಗುತ್ತದೆ ಅಂತ ನೋಡುತ್ತೇವೆ. ಒಂದೇ ಒಂದು ಟ್ಯಾಗ್ ಬದಲಿಸಿದರೂ ಪರದೆ ತುಂಬ ಮೈನಸ್ ಗುರುತು, ಅಂದರೆ ಇದು ಅಳಿಯುತ್ತದೆ ಅಂತ. ಡಿಪ್ಲಾಯ್ ಆದ ಮೇಲೆ ನೋಡಿದರೆ ಏನೂ ಅಳಿಸಿರುವುದಿಲ್ಲ. ಮೈನಸ್ ಇರುವ ಸಾಲನ್ನೆಲ್ಲ ಸ್ಕ್ರಿಪ್ಟಿನಲ್ಲೇ ತೆಗೆದುಬಿಡು ಅಂತಾರೆ ನಮ್ಮ ಲೀಡ್. ತೆಗೆಯಬಹುದಾ ಮೇಡಂ?
— ಓದುಗ, ಚಿತ್ರದುರ್ಗ

ಉತ್ತರ: ಬೇಡ, ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ದಾವಣಗೆರೆಯ ನಮ್ಮ ಚಿಕ್ಕ ತಂಡದಲ್ಲೂ ದಿನಾ ಇದೇ ಪಾಡು. ಆದರೆ ಸುಳ್ಳು ಮೈನಸ್ಸೂ ನಿಜವಾದ ಮೈನಸ್ಸೂ ವಾಟ್-ಇಫ್‌ನಲ್ಲಿ ಒಂದೇ ಥರ ಕಾಣುತ್ತವೆ. ಗುರುತು ನೋಡಿ ತೆಗೆದರೆ ಎರಡೂ ಹೋಗುತ್ತವೆ.

ಸುಳ್ಳು ಮೈನಸ್ ಎಲ್ಲಿಂದ ಬರುತ್ತದೆ? ನೀವು ಫೈಲಿನಲ್ಲಿ ಬರೆಯದ ಎಷ್ಟೋ ಗುಣಗಳಿಗೆ (ಪ್ರಾಪರ್ಟಿಗಳಿಗೆ) ಅಜೂರ್ ತಾನೇ ಡೀಫಾಲ್ಟ್ ಬೆಲೆ ತುಂಬುತ್ತದೆ. ಇಲ್ಲಿ ಬೆಲೆ ಅಂದರೆ ದುಡ್ಡಲ್ಲ, ವ್ಯಾಲ್ಯೂ. ಸಬ್‌ನೆಟ್ಟಿನ (ನೆಟ್‌ವರ್ಕಿನ ಒಂದು ಭಾಗದ) ಪ್ರೈವೇಟ್ ಲಿಂಕ್ ಸರ್ವಿಸ್ ನೆಟ್‌ವರ್ಕ್ ಪಾಲಿಸಿ ಅನ್ನುವ ಗುಣ ಹೀಗೆ ತಾನಾಗಿ 'ಎನೇಬಲ್ಡ್' ಆಗಿರುತ್ತದೆ. ವಾಟ್-ಇಫ್ ಅದನ್ನು ನಿಮ್ಮ ಫೈಲಿನ ಜೊತೆ ಹೋಲಿಸುತ್ತದೆ. ಅಲ್ಲಿ ಇದೆ, ಇಲ್ಲಿ ಇಲ್ಲ, ಹಾಗಾದರೆ ಅಳಿಸುತ್ತಾರೆ ಅಂತ ಲೆಕ್ಕ ಹಾಕುತ್ತದೆ. ಡಿಪ್ಲಾಯ್ ಆದಾಗ ಅಜೂರ್ ಮತ್ತೆ ಅದೇ ಬೆಲೆ ತುಂಬುತ್ತದೆ. ಆದ್ದರಿಂದ ಏನೂ ಬದಲಾಗುವುದಿಲ್ಲ.

ಇನ್ನೊಂದು ಕಡೆ ನೋಡಿ. ಡಿಪ್ಲಾಯ್ ಮಾಡುವ ಬಗೆಗಳಲ್ಲಿ ಒಂದಾದ ಇನ್‌ಕ್ರಿಮೆಂಟಲ್ ಮೋಡಿನಲ್ಲಿದ್ದೇವೆ, ಏನೂ ಅಳಿಯಲ್ಲ ಅಂತ ತುಂಬಾ ಜನ ಧೈರ್ಯವಾಗಿ ಇರುತ್ತಾರೆ. ಆ ಮೋಡ್ ಕಾಪಾಡುವುದು ಫೈಲಿನಲ್ಲಿ ಹೆಸರೇ ಇಲ್ಲದ ರಿಸೋರ್ಸ್‌ಗಳನ್ನು (ನೆಟ್‌ವರ್ಕ್, ಸ್ಟೋರೇಜ್‌ನಂಥ ಒಂದೊಂದು ಅಜೂರ್ ವಸ್ತುವನ್ನು) ಮಾತ್ರ. ಹೆಸರು ಇದ್ದರೆ ಆ ರಿಸೋರ್ಸಿನ ಗುಣಗಳೆಲ್ಲ ಫೈಲಿನ ಪ್ರಕಾರ ಹೊಸದಾಗಿ ಬರೆಯಲ್ಪಡುತ್ತವೆ. ನಮ್ಮಲ್ಲಿ ಒಬ್ಬರು ರಾತ್ರಿ ಅವಸರದಲ್ಲಿ ಅಜೂರ್‌ನ ವೆಬ್ ಪೋರ್ಟಲ್‌ಗೆ ಹೋಗಿ, ಬ್ಯಾಂಕಿನ ಕಡೆಯ ಐಪಿಗೆ 443 ಪೋರ್ಟ್ ತೆರೆಯುವ ನಿಯಮವೊಂದನ್ನು ನೆಟ್‌ವರ್ಕ್ ಸೆಕ್ಯುರಿಟಿ ಗ್ರೂಪಿಗೆ (ಯಾವ ಸಂಪರ್ಕ ಬಿಡಬೇಕು, ಯಾವುದನ್ನು ತಡೆಯಬೇಕು ಅನ್ನುವ ನಿಯಮಗಳ ಪಟ್ಟಿಗೆ) ಸೇರಿಸಿದ್ದರು. ಬೈಸೆಪ್‌ನಲ್ಲಿ ಅದು ಇರಲಿಲ್ಲ. ಮಾರನೆಯ ವಾಟ್-ಇಫ್‌ನಲ್ಲಿ ಅದು ಡೀಫಾಲ್ಟ್ ಬೆಲೆಗಳ ಗುಂಪಿನಲ್ಲಿ ಸುಮ್ನೆ ಇನ್ನೊಂದು ಮೈನಸ್ ಆಗಿ ಕೂತಿತ್ತು. ಆಗಷ್ಟೇ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜು ಮುಗಿಸಿ ಸೇರಿದ್ದ ಹುಡುಗಿ, "ಅಕ್ಕಾ, ಈ ನಿಯಮ ಯಾರು ಹಾಕಿದ್ದು?" ಅಂತ ಕೇಳಿದಳು. ಅವಳು ಪ್ರತಿ ಸಾಲನ್ನೂ ಓದುತ್ತಿದ್ದಳು, ಅದಕ್ಕೇ ಉಳಿದೆವು. ನಿಮ್ಮ ಲೀಡ್ ಹೇಳಿದ ಸ್ಕ್ರಿಪ್ಟ್ ಇದ್ದಿದ್ದರೆ ಅವಳಿಗೆ ಓದಲು ಆ ಸಾಲೇ ಇರುತ್ತಿರಲಿಲ್ಲ.

ಹಾಗಾಗಿ ಗುರುತು ಬಿಟ್ಟು ಬೆಲೆ ನೋಡಿ. ಅಳಿಯುತ್ತದೆ ಅಂತ ತೋರಿಸುವುದು ಡೀಫಾಲ್ಟ್ ಬೆಲೆಯಾ, ಯಾರೋ ಕೈಯಾರೆ ಇಟ್ಟ ಬೆಲೆಯಾ? ಡೀಫಾಲ್ಟ್ ಆಗಿದ್ದರೆ ಅದನ್ನು ಬೈಸೆಪ್‌ನಲ್ಲಿ ನೀವೇ ಬರೆದುಬಿಡಿ. ಆ ಸಾಲು ಮಾಯವಾಗುತ್ತದೆ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಒಳ್ಳೆಯ ಫಿಲ್ಟರ್, ಯಾಕೆಂದರೆ ಇದರಲ್ಲಿ ಏನನ್ನೂ ಬಚ್ಚಿಡುವುದಿಲ್ಲ. ಫೈಲು ಸ್ವಲ್ಪ ಉದ್ದವಾಗುತ್ತದೆ, ಆಗಲಿ.

ಟ್ಯಾಗಿನಲ್ಲಿ ಯುಟಿಸಿನೌ (ಆ ಕ್ಷಣದ ಸಮಯ ಕೊಡುವ ಫಂಕ್ಷನ್) ಬಳಸಿದ್ದೀರಾ? ತೆಗೆಯಿರಿ, ಅದು ಪ್ರತಿ ಸಲವೂ ಬದಲಾಗುತ್ತದೆ. ಇನ್ನೊಂದು ರಿಸೋರ್ಸಿನಿಂದ ಡಿಪ್ಲಾಯ್ ಹೊತ್ತಿನಲ್ಲಿ ಓದಬೇಕಾದ ಬೆಲೆಗಳನ್ನು, ಅಂದರೆ ಬೈಸೆಪ್ ಒಳಗೊಳಗೇ ರೆಫರೆನ್ಸ್ ಫಂಕ್ಷನ್ ಆಗಿ ಮಾಡುವಂಥವನ್ನು, ವಾಟ್-ಇಫ್ ಮುಂಚೆಯೇ ಬಿಡಿಸಲಾರದು. ಅವೂ ಬದಲಾವಣೆ ಅಂತಲೇ ಕಾಣುತ್ತವೆ. ರಿಸೋರ್ಸಿನ ಐಡಿ ಸಾಕಾಗುವ ಕಡೆ ಐಡಿಯನ್ನೇ ಕೊಡಿ.

ಇಷ್ಟಾದ ಮೇಲೂ ಒಂದಷ್ಟು ಉಳಿಯುತ್ತದೆ, ಅಲ್ವಾ? ಅದಕ್ಕೆ ನಾವು ಹೀಗೆ ಮಾಡುತ್ತೇವೆ. ಯಾರೂ ಕೈಹಾಕದ ಡೆವ್ ರಿಸೋರ್ಸ್ ಗ್ರೂಪಿಗೆ (ಪ್ರಯೋಗಕ್ಕೆಂದೇ ಇಟ್ಟ ರಿಸೋರ್ಸ್‌ಗಳ ಗುಂಪಿಗೆ) ಡಿಪ್ಲಾಯ್ ಮಾಡಿ, ಕೂಡಲೇ ಅದೇ ಫೈಲಿನಿಂದ ಮತ್ತೆ ವಾಟ್-ಇಫ್ ಓಡಿಸುತ್ತೇವೆ. ಈಗ ತಾನೇ ಹಾಕಿದ್ದನ್ನೇ ಹೋಲಿಸುವುದರಿಂದ ಬದಲಾವಣೆ ಸೊನ್ನೆ ಇರಬೇಕು. ಆದರೂ ಬರುವ ಸಾಲುಗಳೇ ಜೊಳ್ಳು. ಕಮಾಂಡಿಗೆ ನೋ-ಪ್ರಿಟಿ-ಪ್ರಿಂಟ್ ಆಯ್ಕೆ ಕೊಟ್ಟರೆ ಫಲಿತಾಂಶ ಜೇಸನ್ (ಪ್ರೋಗ್ರಾಮ್ ಓದಬಲ್ಲ ಪಠ್ಯ ರೂಪ) ಆಗಿ ಸಿಗುತ್ತದೆ. ಪ್ರತಿ ಬದಲಾವಣೆಗೂ ಪಾತ್, ಬಿಫೋರ್, ಆಫ್ಟರ್ ಬೇರೆಬೇರೆಯಾಗಿ ಇರುತ್ತವೆ. ರಿಸೋರ್ಸಿನ ಬಗೆ, ಪಾತ್, ಬಿಫೋರ್‌ನಲ್ಲಿರುವ ಬೆಲೆ, ಈ ಮೂರೂ ನಿಮ್ಮ ಜೊಳ್ಳಿನ ಪಟ್ಟಿಗೆ ಹೊಂದಿದರೆ ಮಾತ್ರ ಆ ಸಾಲನ್ನು ಜೆಕ್ಯೂ (ಜೇಸನ್ ಸೋಸುವ ಪುಟ್ಟ ಟೂಲ್) ಬಳಸಿ ಕೈಬಿಡಿ. ಬೆಲೆ ಬೇರೆ ಬಂದರೆ ಸಾಲು ತಾನಾಗಿ ಕಣ್ಣಿಗೆ ಬೀಳಬೇಕು. ಯಾವ ಸಾಲನ್ನು ಯಾಕೆ ಬಿಟ್ಟೆವು ಅಂತ ಪಟ್ಟಿಯಲ್ಲೇ ಒಂದು ಮಾತು ಬರೆಯಿರಿ. ಎಷ್ಟು ಸಾಲು ಬಿಟ್ಟಿದ್ದೇವೆ ಅನ್ನುವುದೂ ರಿವ್ಯೂ ಮಾಡುವವರಿಗೆ ಕಾಣಲಿ.

ಒಂದು ರಿಸೋರ್ಸ್ ಪೂರ್ತಿ ಅಳಿಯುತ್ತದೆ ಅಂತ ಬಂದರೆ ಅದನ್ನು ಯಾವ ಪಟ್ಟಿಗೂ ಸೇರಿಸಬೇಡಿ. ನೆಟ್‌ವರ್ಕ್ ನಿಯಮ, ಸಬ್‌ನೆಟ್, ಪರ್ಮಿಷನ್ ವಿಷಯದಲ್ಲಂತೂ ಒಂದೊಂದು ಮೈನಸ್ಸನ್ನೂ ಮನುಷ್ಯರೇ ಓದಬೇಕು. ವಿನೆಟ್ (ವರ್ಚುಯಲ್ ನೆಟ್‌ವರ್ಕ್) ಫೈಲಿನ ಸಬ್‌ನೆಟ್ ಪಟ್ಟಿಯಿಂದ ಒಂದು ಹೆಸರು ಬಿಟ್ಟುಹೋದರೆ ಅಜೂರ್ ಅದನ್ನು ನಿಜವಾಗಿಯೂ ಅಳಿಸಲು ಹೊರಡುತ್ತದೆ.

ಬೈಸೆಪ್‌ನಂತೆಯೇ ಕೆಲಸ ಮಾಡುವ ಇನ್ನೊಂದು ಟೂಲ್ ಆದ ಟೆರಾಫಾರ್ಮ್ ಬಳಸುವ ಓದುಗರಿಗೂ ಒಂದು ಮಾತು. ನಿಮ್ಮಲ್ಲಿ ಸ್ಟೇಟ್ ಫೈಲ್ (ಹಿಂದೆ ಏನು ಹಾಕಿದ್ದೆವು ಅನ್ನುವ ದಾಖಲೆ) ಇರುವುದರಿಂದ ಈ ಥರದ ಜೊಳ್ಳು ಕಡಿಮೆ. ಆದರೆ ಬದಲಾವಣೆ ಕಡೆಗಣಿಸುವ ಇಗ್ನೋರ್ ಚೇಂಜಸ್ ಆಯ್ಕೆಗೆ 'ಆಲ್' ಅಂತ ಬರೆದು ಕೈತೊಳೆದುಕೊಳ್ಳುವವರನ್ನು ಜಾಸ್ತಿ ನೋಡುತ್ತಿದ್ದೇನೆ. ಆಮೇಲೆ ನೀವೇ ಬೇಕಂತ ಮಾಡಿದ ಬದಲಾವಣೆಯೂ ಆ ರಿಸೋರ್ಸಿಗೆ ತಲುಪುವುದಿಲ್ಲ. ಬೇಕಾದ ಒಂದೊಂದೇ ಗುಣದ ಹೆಸರು ಬರೆಯಿರಿ.

ನಿಮ್ಮ ಲೀಡ್ ಜೊತೆ ವಾದ ಬೇಡ. ಅವರ ಸಮಯ ಹಾಳಾಗುತ್ತಿರುವುದೂ ನಿಜವೇ. ಡೆವ್ ಗ್ರೂಪಿನಲ್ಲಿ ಎರಡನೇ ಸಲ ಓಡಿಸಿದ ಫಲಿತಾಂಶವನ್ನು ಅವರ ಮುಂದಿಡಿ, ವಿನೆಟ್ ಫೈಲೊಂದನ್ನು ಮೊದಲು ಸರಿಮಾಡಿ ತೋರಿಸಿ. ಸಾಲು ಎಷ್ಟು ಕಡಿಮೆಯಾಯಿತು ಅಂತ ನನಗೂ ಬರೆಯಿರಿ.