ಮಲೆನಾಡಿನ ಮಳೆಗೆ ಕೋಳಿ, ಬಾತುಕೋಳಿಗಳ ಗೂಡು ಹೇಗಿರಬೇಕು?

ಸಾಗರದ ಬಳಿ ತೋಟ ಕೊಂಡಿದ್ದೀರಿ, ಹತ್ತು ನಾಟಿ ಕೋಳಿ ಮತ್ತು ನಾಲ್ಕು ಬಾತುಕೋಳಿ ಸಾಕುವ ಆಸೆ ಇದೆ, ಎರಡಕ್ಕೂ ಒಂದೇ ಗೂಡು ಸಾಕೇ, ಮಳೆ ಹಿಡಿಯುವುದರೊಳಗೆ ಅದನ್ನು ಹೇಗೆ ಕಟ್ಟಬೇಕು ಎಂದು ಕೇಳಿದ್ದೀರಿ. ಸೂರು ಒಂದೇ ಇರಲಿ, ನಡುವೆ ಗೋಡೆ ಮಾತ್ರ ಇರಲೇಬೇಕು. ನಾನು ತೀರ್ಥಹಳ್ಳಿ ಕಡೆಯವನು, ಹದಿನಾಲ್ಕು ವರ್ಷದಿಂದ ಹಿತ್ತಿಲಲ್ಲಿ ಎರಡನ್ನೂ ಸಾಕುತ್ತಿದ್ದೇನೆ. ನಾನು ಕಳೆದುಕೊಂಡ ಹಕ್ಕಿಗಳಲ್ಲಿ ಮುಕ್ಕಾಲು ಪಾಲು ಸತ್ತದ್ದು ಒಂದಲ್ಲ ಒಂದು ರೀತಿಯಲ್ಲಿ ತೇವದಿಂದ. ಬಯಲುಸೀಮೆಯವರು ಕೊಡುವ ಸಲಹೆಗಳೆಲ್ಲ ಬಿಸಿಲಿನಿಂದ ಕಾಪಾಡುವುದಕ್ಕೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ನಿಮ್ಮಲ್ಲಿ ಅಷ್ಟು ಬೀಳದಿದ್ದರೂ ಜುಲೈ ತಿಂಗಳಲ್ಲಿ ವಾರಗಟ್ಟಲೆ ಒಂದು ಬಟ್ಟೆಯೂ ಒಣಗುವುದಿಲ್ಲ. ಗೂಡನ್ನು ಆ ಜುಲೈಗಾಗಿ ಕಟ್ಟಿ.

ಬಾತುಕೋಳಿ ನೀರಿನ ಹಕ್ಕಿ. ಕೆರೆ ಇಲ್ಲದಿದ್ದರೂ ಬದುಕುತ್ತದೆ, ಆದರೆ ಕಣ್ಣು, ಮೂಗು ತೊಳೆದುಕೊಳ್ಳಲು ತಲೆ ಪೂರ್ತಿ ಮುಳುಗುವಷ್ಟು ಆಳದ ಪಾತ್ರೆ ಬೇಕೇಬೇಕು. ಅದು ಕುಡಿಯುವುದಕ್ಕಿಂತ ಚೆಲ್ಲುವುದೇ ಹೆಚ್ಚು, ಹಿಕ್ಕೆಯೂ ನೀರುನೀರು. ಅದರೊಂದಿಗೆ ಕೋಳಿಯನ್ನು ಕೂಡಿದರೆ ನಾಲ್ಕೇ ದಿನದಲ್ಲಿ ಹಾಸು ಕೆಸರಾಗಿ, ಮೂಗಿಗೆ ಚುಚ್ಚುವ ಅಮೋನಿಯಾ ಏಳುತ್ತದೆ. ಒದ್ದೆ ಹಾಸಿನಲ್ಲಿ ರಕ್ತಭೇದಿಯ ರೋಗಾಣು ಹೆಚ್ಚುತ್ತದೆ, ಮರಿಗಳು ರೆಕ್ಕೆ ಜೋಲಿಸಿಕೊಂಡು ಮೂಲೆ ಸೇರುತ್ತವೆ. ಇನ್ನೊಂದು ಕಾರಣವೂ ಇದೆ. ಜೊತೆಗೆ ಸಾಕಷ್ಟು ಹೆಣ್ಣುಗಳಿಲ್ಲದ ಗಂಡು ಬಾತು ಹೇಂಟೆಗಳ ಮೇಲೆ ಏರುತ್ತದೆ, ಅವಕ್ಕೆ ಒಳಗಾಯವಾಗುತ್ತದೆ. ನಿಮ್ಮ ನಾಲ್ಕರಲ್ಲಿ ಗಂಡು ಒಂದೇ ಇರಲಿ.

ಕೋಳಿಯ ಪಾಲಿನ ಗೂಡು ನೆಲದಿಂದ ಎರಡೂವರೆ ಅಡಿ ಮೇಲಿರಲಿ. ಹತ್ತು ಕೋಳಿಗೆ ಆರು ಅಡಿ ಉದ್ದ, ನಾಲ್ಕು ಅಡಿ ಅಗಲ ಸಾಕು. ತಳಕ್ಕೆ ಹಳೆಯ ಅಡಿಕೆ ಮರದ ದಬ್ಬೆಗಳನ್ನು ಹಿಕ್ಕೆ ಕೆಳಗೆ ಬೀಳುವಷ್ಟು, ಕಾಲು ಸಿಕ್ಕಿಕೊಳ್ಳದಷ್ಟು ಸಂದು ಬಿಟ್ಟು ಜೋಡಿಸಿ. ಒಳಗೆ ಕೂರಲು ಅಡ್ಡಗೋಲುಗಳು ಬೇಕು. ಬಾತುಕೋಳಿ ಅಡ್ಡಗೋಲು ಏರುವುದಿಲ್ಲ, ದಬ್ಬೆಯ ಮೇಲೆ ಅದರ ಜಾಲಪಾದಕ್ಕೆ ಗಾಯವಾಗುತ್ತದೆ. ಅದಕ್ಕೆ ಜಂಬಿಟ್ಟಿಗೆಯ ಒಂದಡಿ ಎತ್ತರದ ಕಟ್ಟೆ, ಅದರ ಮೇಲೆ ಭತ್ತದ ಹೊಟ್ಟು ಅಥವಾ ಒಣ ದರಗು (ಉದುರಿದ ಎಲೆ) ದಪ್ಪಗೆ ಹಾಸಿ. ಬೇಸಿಗೆಯಲ್ಲೇ ದರಗು ಗುಡಿಸಿ ಚೀಲಗಳಲ್ಲಿ ತುಂಬಿಟ್ಟುಕೊಳ್ಳಿ, ಜುಲೈನಲ್ಲಿ ಹುಡುಕಿದರೆ ಸಿಗದು. ಬಾತುವಿನ ನೀರಿನ ಪಾತ್ರೆ ಗೂಡಿನ ಹೊರಗೆ, ಇಳಿಜಾರಿನ ಕೆಳಮಗ್ಗುಲಲ್ಲಿರಲಿ. ರಾತ್ರಿ ಒಳಗೆ ನೀರು ಇಡುವುದಿಲ್ಲವಾದರೆ ಮೇವನ್ನೂ ಇಡಬೇಡಿ, ಅವು ನೀರಿಲ್ಲದೆ ನುಂಗಲಾರವು. ಬೆಳಗ್ಗೆ ಎಂಟೂವರೆ, ಒಂಬತ್ತರವರೆಗೆ ಬಾಗಿಲು ತೆರೆಯಬೇಡಿ. ಬಾತು ಮೊಟ್ಟೆಯಿಡುವುದು ನಸುಕಿನಲ್ಲಿ, ಬೇಗ ಬಿಟ್ಟರೆ ಮೊಟ್ಟೆ ತೋಟದ ಕಾದಿಗೆಯ (ಬಸಿಗಾಲುವೆಯ) ಪಾಲು.

ನಮ್ಮ ಮಳೆ ಪಶ್ಚಿಮದಿಂದ ಹೊಡೆಯುತ್ತದೆ. ಬಾಗಿಲು ಪೂರ್ವಕ್ಕಿರಲಿ, ಪಶ್ಚಿಮಕ್ಕೆ ಸೋಗೆಯ ತಟ್ಟಿ ಕಟ್ಟಿ, ಸೂರು ಎರಡಡಿಯಾದರೂ ಹೊರಗೆ ಚಾಚಿರಲಿ. ಎರಚಲಿಗೆ ಹೆದರಿ ನಾಲ್ಕೂ ಕಡೆ ಪ್ಲಾಸ್ಟಿಕ್ ಹೊದಿಸುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಮಾಡಿನ ಕೆಳಗೆ ಗಾಳಿ ಆಡಲೇಬೇಕು, ಆ ಕಿಂಡಿಗೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ (ಬೆಸುಗೆ ಹಾಕಿದ ಗಟ್ಟಿ ತಂತಿ ಬಲೆ) ಹೊಡೆಯಿರಿ. ಆರು ಮೂಲೆಯ ಕಣ್ಣಿನ ತೆಳು ಕೋಳಿ ಬಲೆ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಮುಂಗುಸಿಯನ್ನು, ಕಾಡುಬೆಕ್ಕನ್ನು ಹೊರಗಿಡುವುದಿಲ್ಲ.

ಗೂಡಿಗಿಂತ ಹೆಚ್ಚಾಗಿ ನಾನು ಹೇಳಬೇಕಾದದ್ದು ಮೇವಿನ ವಿಚಾರ, ಅದನ್ನು ನೀವು ಕೇಳಿಲ್ಲ. ಒಂದು ಆಗಸ್ಟ್‌ನಲ್ಲಿ ನನ್ನ ಒಂಬತ್ತು ಬಾತುಗಳಲ್ಲಿ ಏಳು ಐದು ದಿನದೊಳಗೆ ಸತ್ತವು. ಅದೇ ಮೇವು ತಿಂದ ಕೋಳಿಗಳು ಮಂಕಾದವು, ಸಾಯಲಿಲ್ಲ. ಸತ್ತ ಒಂದನ್ನು ಪಶು ಆಸ್ಪತ್ರೆಗೆ ಒಯ್ದೆ. ವೈದ್ಯರು ಕೊಯ್ದು ತೋರಿಸಿದರು. ಕಡುಗೆಂಪಾಗಿರಬೇಕಾದ ಯಕೃತ್ತು ಊದಿಕೊಂಡು ಮಾಸಲು ಹಳದಿಯಾಗಿತ್ತು. ಮನೆಗೆ ಬಂದವನೇ ಮೆಕ್ಕೆಜೋಳದ ಚೀಲಕ್ಕೆ ಮೊಣಕೈವರೆಗೆ ಕೈ ತೂರಿಸಿದೆ. ಮೇಲೆ ಕಾಳು ಗಲಗಲ ಎನ್ನುತ್ತಿತ್ತು, ಒಳಗೆ ಬೆಚ್ಚಗಿತ್ತು. ಹಿಡಿ ತೆಗೆದರೆ ಕಾಳುಗಳು ಒಂದಕ್ಕೊಂದು ಅಂಟಿ ಉಂಡೆಯಾಗಿದ್ದವು, ಪ್ರತಿ ಕಾಳಿನ ಮೂತಿಯಲ್ಲೂ ಹಸಿರು ಬೂಷ್ಟು. ಆ ಬೂಷ್ಟು ಹುಟ್ಟಿಸುವ ಅಫ್ಲಾಟಾಕ್ಸಿನ್ ವಿಷವನ್ನು ಬಾತುಕೋಳಿ, ಅದರಲ್ಲೂ ಅದರ ಮರಿ, ಒಂದಿಷ್ಟೂ ತಾಳದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷ ಟರ್ಕಿ ಕೋಳಿಗಳು ಶೇಂಗಾ ಹಿಂಡಿ ತಿಂದು ಸತ್ತಾಗಲೇ ಈ ವಿಷ ಪತ್ತೆಯಾದದ್ದು. ಬೇಯಿಸಿದರೂ ಒಣಗಿಸಿದರೂ ಅದು ಹೋಗುವುದಿಲ್ಲ. ಆದ್ದರಿಂದ ಮಳೆಗಾಲದಲ್ಲಿ ಹದಿನೈದು ದಿನಕ್ಕೆ ಬೇಕಾದಷ್ಟನ್ನೇ ತನ್ನಿ. ಹೊರಗೆ ಮೇಯುವ ನಿಮ್ಮ ಹದಿನಾಲ್ಕು ಹಕ್ಕಿಗೆ ಹದಿನೈದು ಕಿಲೋ ಸಾಕಾದೀತು. ಅದನ್ನು ಒಲೆಯ ಮೇಲಿನ ಅಟ್ಟದಲ್ಲಿಡಿ, ವಾರಕ್ಕೊಮ್ಮೆ ಕೈ ತೂರಿಸಿ ನೋಡಿ. ಬೆಚ್ಚಗಿದ್ದರೆ ಗೊಬ್ಬರದ ಗುಂಡಿಗೆ ಸುರಿಯಿರಿ. ಬಾತಿಗಾಗದ್ದು ಹಸುವಿಗಾಗಲಿ ಎಂದು ಹಾಕಬೇಡಿ, ವಿಷ ಹಾಲಿಗೆ ಇಳಿಯುತ್ತದೆ.

ಕೋಳಿಗಳಿಗೆ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ತಪ್ಪಿಸಬೇಡಿ: ಕೋಳಿಮರಿಗೆ ಒಂದು ವಾರವಾದಾಗ ಕಣ್ಣಿಗೆ ಹನಿ, ನಾಲ್ಕು ವಾರಕ್ಕೆ ಮತ್ತೊಮ್ಮೆ, ಎಂಟು ವಾರಕ್ಕೆ ರೆಕ್ಕೆಯಡಿ ಚುಚ್ಚುಮದ್ದು. ಲಸಿಕೆಯನ್ನು ಮಂಜುಗಡ್ಡೆಯಲ್ಲೇ ತನ್ನಿ. ಮಳೆಗಾಲದಲ್ಲಿ ಹೊರಳಾಡಲು ಒಣಮಣ್ಣು ಸಿಗದೆ ಕೋಳಿಗಳಿಗೆ ಹೇನು ಹತ್ತುತ್ತದೆ, ಸೂರಿನಡಿ ಒಂದು ಹಳೆಯ ಬಾನಿಯಲ್ಲಿ ಒಲೆಬೂದಿ, ಮರಳು ಬೆರೆಸಿಡಿ.

ಗೂಡು ಮುಗಿದ ಮೇಲೆ ಮೇ ತಿಂಗಳಲ್ಲಿ ಒಂದು ಜೋರು ಅಡ್ಡಮಳೆ ಬಂದೇ ಬರುತ್ತದೆ. ಆಗ ಟಾರ್ಚ್ ಹಿಡಿದು ಗೂಡಿನ ಬಾಗಿಲಲ್ಲಿ ಹತ್ತು ನಿಮಿಷ ಕುಳಿತುಕೊಳ್ಳಿ. ಎರಚಲು ತಾಗಿದ ಕಡೆಯೆಲ್ಲ ಇದ್ದಿಲಿನಿಂದ ಗೀಟು ಹಾಕಿ, ಮರುದಿನ ಅಲ್ಲಿಗೆ ಇನ್ನೊಂದು ತಟ್ಟಿ ಕಟ್ಟಿ. ಹಕ್ಕಿಗಳನ್ನು ತರುವುದು ಅದಾದ ಮೇಲೆ.