ಗುಟ್ಟಿನ ಖಾತೆ ಸಮತೋಲನ ತರುವುದಿಲ್ಲ: ನಾಲ್ಕು ವರ್ಷ ಅದನ್ನು ನಡೆಸಿದವನ ಉತ್ತರ

ಪತಿ ಕೈಬಿಚ್ಚಿ ಖರ್ಚು ಮಾಡುವವರು, ನೀವು ಉಳಿಸುವವರು. ಅವರಿಗೆ ತಿಳಿಯದಂತೆ ಬೇರೊಂದು ಖಾತೆಯಲ್ಲಿ ಹಣ ಕೂಡಿಡುತ್ತ ಹೋದರೆ ಇಬ್ಬರ ನಡುವೆ ಸಮತೋಲನ ತಾನಾಗಿ ಬರುವುದಿಲ್ಲವೇ ಎಂದು ಕೇಳಿದ್ದೀರಿ. ಬರುವುದಿಲ್ಲ. ಅಂಥದ್ದೇ ಖಾತೆಯನ್ನು ನಾನು ನಾಲ್ಕು ವರ್ಷ ನಡೆಸಿದ್ದೇನೆ, ಮತ್ತು ಅದನ್ನು ತೆರೆದ ದಿನ ನನ್ನ ಮನಸ್ಸಿನಲ್ಲಿದ್ದ ಮಾತುಗಳೂ ಹೆಚ್ಚುಕಡಿಮೆ ನಿಮ್ಮ ಪ್ರಶ್ನೆಯಲ್ಲಿರುವ ಮಾತುಗಳೇ ಆಗಿದ್ದವು.

ನಮ್ಮ ಮನೆಯಲ್ಲಿ ಕೈಬಿಗಿ ನನ್ನದು. ತಿಂಗಳ ಕೊನೆಯಲ್ಲಿ ಖಾತೆಯಲ್ಲಿ ಏನಾದರೂ ಉಳಿದಿದ್ದರೆ ಮಾತ್ರ ನನಗೆ ನಿದ್ದೆ. ನನ್ನ ಹೆಂಡತಿಗೆ ಹಣ ಇರುವುದು ಬಳಸುವುದಕ್ಕೆ. ಇಷ್ಟವಾದದ್ದನ್ನು ಕೊಳ್ಳುತ್ತಾಳೆ, ಕೇಳಿದವರಿಗೆ ಕೊಡುತ್ತಾಳೆ, ಕೊಟ್ಟದ್ದನ್ನು ಮರೆಯುತ್ತಾಳೆ. ಮದುವೆಗೆ ಮುಂಚೆ ನನ್ನನ್ನು ಅವಳ ಕಡೆಗೆ ಸೆಳೆದದ್ದೂ ಅದೇ ಧಾರಾಳತನ ಎಂಬುದನ್ನು ಒಪ್ಪಿಕೊಳ್ಳುವುದಕ್ಕೆ ನನಗೆ ಬಹಳ ವರ್ಷ ಬೇಕಾಯಿತು. ಇದರಲ್ಲಿ ನಾನು ವಿಶೇಷದವನೇನೂ ಅಲ್ಲವಂತೆ. ಸ್ಕಾಟ್ ರಿಕ್, ಸಿಂಥಿಯಾ ಕ್ರೈಡರ್ ಮತ್ತು ಜಾರ್ಜ್ ಲೋವೆನ್‌ಸ್ಟೈನ್ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಹಣ ಕೈಬಿಡುವಾಗ ಆಗುವ ನೋವು ಕೆಲವರಿಗೆ ಎಷ್ಟು ಹೆಚ್ಚೆಂದರೆ ಅವರು ತಾವೇ ಬಯಸುವುದಕ್ಕಿಂತ ಕಡಿಮೆ ಖರ್ಚು ಮಾಡುತ್ತಾರೆ, ಇನ್ನು ಕೆಲವರಿಗೆ ಆ ನೋವು ಎಷ್ಟು ಕಡಿಮೆಯೆಂದರೆ ತಾವೇ ಬಯಸುವುದಕ್ಕಿಂತ ಹೆಚ್ಚು ಖರ್ಚು ಮಾಡಿಬಿಡುತ್ತಾರೆ. ರಿಕ್ ಮತ್ತು ಸಂಗಡಿಗರು 2011ರಲ್ಲಿ ದಂಪತಿಗಳನ್ನೇ ಕುರಿತು ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಇಂಥ ವಿರುದ್ಧ ಸ್ವಭಾವದವರು ಒಬ್ಬರನ್ನೊಬ್ಬರು ಆರಿಸಿಕೊಳ್ಳುವ ಒಲವೂ, ಆಮೇಲೆ ಹಣದ ವಿಷಯಕ್ಕೆ ಹೆಚ್ಚು ಜಗಳವಾಡುವುದೂ ಕಂಡುಬಂದಿತ್ತು. ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ: ನನ್ನ ಜಿಪುಣತನವೂ ಒಂದು ಸ್ವಭಾವವೇ ಹೊರತು ಗುಣವಲ್ಲ ಎಂದು ನನಗೆ ಆಗ ಹೊಳೆದಿರಲಿಲ್ಲ. ಅವಳದು ದೋಷ, ನನ್ನದು ವಿವೇಕ ಎಂದೇ ನಾನು ನಂಬಿದ್ದೆ, ಮತ್ತು ಆ ನಂಬಿಕೆಯ ಮೇಲೆಯೇ ಖಾತೆಯನ್ನು ತೆರೆದೆ.

ಒಂದು ವರ್ಷ ನನಗೆ ಬಂದ ಹೆಚ್ಚುವರಿ ವೇತನವೆಲ್ಲ ಎರಡೇ ವಾರದಲ್ಲಿ ಒಂದು ಪ್ರವಾಸಕ್ಕೂ ನಾಲ್ಕಾರು ಉಡುಗೊರೆಗಳಿಗೂ ಕರಗಿಹೋಯಿತು. ಅದರ ಮರುತಿಂಗಳಿನಿಂದ ನನ್ನ ಸಂಬಳದ ಶೇಕಡಾ 15 ಭಾಗ ಬೇರೊಂದು ಖಾತೆಗೆ ಹೋಗುವಂತೆ ಏರ್ಪಾಡು ಮಾಡಿಕೊಂಡೆ. ಮನೆಗೆ ಬರುವ ಹಣ ಏಕೆ ಕಡಿಮೆಯಾಯಿತು ಎಂದು ಅವಳು ಕೇಳಿದಾಗ, ಕಡಿತ ಹೆಚ್ಚಾಗಿದೆ ಎಂದೆ. ಅದು ಪೂರ್ತಿ ಸುಳ್ಳಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡದ್ದೂ ನೆನಪಿದೆ. ಕಡಿತವಾಗಿದ್ದದ್ದು ನಿಜ, ಮಾಡಿದವನು ನಾನು, ಅಷ್ಟೇ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಖಾತೆ ತೆರೆದದ್ದೇ ತಪ್ಪು ಎಂದು ಕೇಳಿದವರೆಲ್ಲ ಭಾವಿಸುತ್ತಾರೆ, ಆದರೆ ತಪ್ಪು ನಡೆದದ್ದು ಅದಾಗಿ ಸುಮಾರು ಮೂರು ವರ್ಷದ ಮೇಲೆ, ಒಂದೇ ಒಂದು ವಾಕ್ಯದಲ್ಲಿ. ನನ್ನ ಹೆಂಡತಿಯದು ಸ್ವಂತ ಕೆಲಸ. ಅವಳ ಕಂಪ್ಯೂಟರ್ ನಿಂತರೆ ಸಂಪಾದನೆಯೂ ನಿಲ್ಲುತ್ತದೆ. ಅದು ನಿಂತಿತು. ರಿಪೇರಿ ಮಾಡಿಸಿ ಪ್ರಯೋಜನವಿಲ್ಲ ಎಂದು ತಿಳಿದ ಸಂಜೆ ಅವಳು ನನ್ನ ಬಳಿ ಬಂದು, "ನಮ್ಮ ಹತ್ತಿರ ಹಣ ಇದೆಯೇ?" ಎಂದು ಕೇಳಿದಳು. ಆ ದಿನ ಆ ಖಾತೆಯಲ್ಲಿ ನನ್ನ ಐದು ತಿಂಗಳ ಸಂಬಳವಿತ್ತು. ನಾನು "ಇಲ್ಲ" ಎಂದೆ.

ಏಕೆ ಹಾಗೆಂದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ದುರುದ್ದೇಶವಿರಲಿಲ್ಲ. ಒಮ್ಮೆ ಇದೆ ಎಂದರೆ ಎಷ್ಟಿದೆ, ಎಲ್ಲಿದೆ, ಎಂದಿನಿಂದ ಇದೆ ಎಂಬ ಪ್ರಶ್ನೆಗಳು ಬರುತ್ತಿದ್ದವು. ಅದಕ್ಕಿಂತ ಮುಖ್ಯವಾಗಿ, ಆ ಮೊತ್ತ ಕಡಿಮೆಯಾಗುವುದನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ಆಪತ್ತಿಗೆಂದು ಕೂಡಿಟ್ಟ ಹಣ ಅದು, ಆಪತ್ತು ಬಂದು ಬಾಗಿಲಲ್ಲಿ ನಿಂತು ಕೇಳುತ್ತಿತ್ತು, ನಾನು ಮಾತ್ರ ಹಣವನ್ನು ಆಪತ್ತಿನಿಂದಲೇ ಕಾಪಾಡುತ್ತಿದ್ದೆ. ಉಳಿಸುವವರಿಗೆ ಈ ರೋಗ ಯಾವಾಗ ಅಂಟಿಕೊಳ್ಳುತ್ತದೆಂದು ತಿಳಿಯುವುದಿಲ್ಲ. ಯಾವುದಕ್ಕಾಗಿ ಉಳಿಸುತ್ತಿದ್ದೇವೆಂಬುದು ಮರೆತುಹೋಗಿ ಉಳಿತಾಯದ ಅಂಕಿಯೇ ದೇವರಾಗಿ ಕುಳಿತಿರುತ್ತದೆ.

ನಾನು ಇಲ್ಲವೆಂದ ಮೇಲೆ ಅವಳು ಮತ್ತೆ ಕೇಳಲಿಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ಕೊಂಡಳು, ಮತ್ತು ನನ್ನ ಉಪದೇಶ ಕೇಳುವುದು ಬೇಡವೆಂದು ಅದನ್ನು ನನಗೆ ಹೇಳಲಿಲ್ಲ. ತಿಂಗಳಿಗೆ ಶೇಕಡಾ 3 ಬಡ್ಡಿ. ವರ್ಷಕ್ಕೆ 36 ಎಂದು ಮೇಲ್ನೋಟಕ್ಕೆ ಕಾಣುತ್ತದೆ, ಆದರೆ ಬಡ್ಡಿಯ ಮೇಲೆ ಬಡ್ಡಿ ಸೇರಿದರೆ ವರ್ಷಕ್ಕೆ ಶೇಕಡಾ 42 ದಾಟುತ್ತದೆ. ಪ್ರತಿ ತಿಂಗಳೂ ಬಾಕಿಯ ಶೇಕಡಾ 5ರಷ್ಟು ಕನಿಷ್ಠ ಮೊತ್ತವನ್ನು ಅವಳು ತಪ್ಪದೆ ಕಟ್ಟುತ್ತಿದ್ದಳು. ಕೇಳುವುದಕ್ಕೆ ಶಿಸ್ತಿನಂತೆಯೇ ಇದೆ. ಆದರೆ ಕಟ್ಟಿದ ಐದರಲ್ಲಿ ಸುಮಾರು ಮೂರು ಭಾಗ ಬಡ್ಡಿಗೇ ಹೋಗಿ, ಅಸಲಿಗೆ ಸೇರುತ್ತಿದ್ದದ್ದು ಎರಡೇ ಭಾಗ. ಕಂಪ್ಯೂಟರಿನ ಬೆಲೆ 100 ಎಂದು ಇಟ್ಟುಕೊಂಡರೆ, 14 ತಿಂಗಳಲ್ಲಿ ಅವಳು 60ಕ್ಕೂ ಹೆಚ್ಚು ಕಟ್ಟಿದ್ದಳು, ಆದರೂ ಮುಕ್ಕಾಲು ಪಾಲು ಸಾಲ ಹಾಗೆಯೇ ಉಳಿದಿತ್ತು. ಅದೇ 14 ತಿಂಗಳು ನನ್ನ ಹಣ ವರ್ಷಕ್ಕೆ ಶೇಕಡಾ ಆರೂವರೆ ಬಡ್ಡಿಯಲ್ಲಿ ಸುಖವಾಗಿ ಮಲಗಿತ್ತು. ಒಂದೇ ಮನೆಯ ಹಣ ಒಂದು ಕೈಯಲ್ಲಿ ಆರೂವರೆ ಗಳಿಸಿ ಇನ್ನೊಂದು ಕೈಯಲ್ಲಿ ನಲವತ್ತೆರಡು ತೆರುತ್ತಿತ್ತು. ಆ ಆರೂವರೆಯಾದರೂ ನಿಜವಾದ ಗಳಿಕೆಯೇ ಎಂದರೆ ಅದೂ ಅಲ್ಲ. ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರುತ್ತಿದ್ದರೆ ಹಣದ ಕೊಳ್ಳುವ ಶಕ್ತಿ ಸುಮಾರು 12 ವರ್ಷದಲ್ಲಿ ಅರ್ಧಕ್ಕಿಳಿಯುತ್ತದೆ, ಹಾಗಾಗಿ ಬಡ್ಡಿಯ ಮೇಲಿನ ತೆರಿಗೆ ಕಳೆದರೆ ನನ್ನ ಹಣ ನಿಂತಲ್ಲೇ ನಿಲ್ಲುವುದಕ್ಕೂ ಏದುಸಿರು ಬಿಡುತ್ತಿತ್ತು. ದುಂದುಗಾರ್ತಿ ಎಂದು ನಾನು ಕರೆಯುತ್ತಿದ್ದ ಹೆಂಡತಿ ಆ ಅವಧಿಯಲ್ಲಿ ಕೊಂಡದ್ದು ಒಂದು ದುಡಿಮೆಯ ಸಾಧನ. ದುಂದು ಯಾರದು ಎಂದು ನೀವೇ ಲೆಕ್ಕ ಹಾಕಿ.

ಒಂದು ದಿನ ಕಾರ್ಡಿನ ಲೆಕ್ಕಪಟ್ಟಿ ನನ್ನ ಕಣ್ಣಿಗೆ ಬಿತ್ತು. ಮೊದಲು ಕೂಗಾಡಿದೆ, ನಾಚಿಕೆಯಿಲ್ಲದೆ. ಆಮೇಲೆ ದೊಡ್ಡ ಮನುಷ್ಯನಂತೆ, ಇರಲಿ, ನಾನು ತೀರಿಸುತ್ತೇನೆ ಎಂದು ಅವಳ ಎದುರೇ ಆ ಖಾತೆಯಿಂದ ಇಡೀ ಬಾಕಿಯನ್ನು ಕಟ್ಟಿದೆ. ಅವಳ ಮುಖದಲ್ಲಿ ಸಂತೋಷವೂ ಕೃತಜ್ಞತೆಯೂ ಕಾಣಬಹುದೆಂದು ಎದುರು ನೋಡುತ್ತಿದ್ದೆ. ಅವಳು ಪರದೆಯನ್ನೇ ನೋಡುತ್ತ ಸ್ವಲ್ಪ ಹೊತ್ತು ಕುಳಿತು, "ನಾನು ಕೇಳಿದ ದಿನ ಈ ಹಣ ಇತ್ತೇ?" ಎಂದಳು.

ಆಮೇಲಿನ ಕೆಲವು ತಿಂಗಳುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಆದರೆ ಆ ದಿನಗಳಲ್ಲಿ ಅವಳು ಹೇಳಿದ ಒಂದು ಮಾತನ್ನು ನಿಮಗೆ ಹೇಳಲೇಬೇಕು, ಏಕೆಂದರೆ ನಿಮ್ಮ ಯೋಜನೆಯ ಬುಡವನ್ನೇ ಅದು ಅಲುಗಾಡಿಸುತ್ತದೆ. ನಮ್ಮಿಂದ ಏನೂ ಉಳಿಯುವುದಿಲ್ಲ, ಎಷ್ಟು ಹಿಡಿದರೂ ತಿಂಗಳ ಕೊನೆಗೆ ಶೂನ್ಯವೇ ಎಂದು ಅವಳು ಆ ನಾಲ್ಕು ವರ್ಷವೂ ನಂಬಿದ್ದಳು. ಹೇಗೂ ಉಳಿಯದ ಮೇಲೆ ಇರುವಷ್ಟು ದಿನ ನೆಮ್ಮದಿಯಾಗಿ ಇರೋಣ ಎಂದೇ ಖರ್ಚು ಮಾಡುತ್ತಿದ್ದಳು. ಅಂದರೆ ನಾನು ಬಚ್ಚಿಟ್ಟದ್ದರಿಂದ ಅವಳ ಖರ್ಚು ಹೆಚ್ಚಾಯಿತು, ಅವಳ ಖರ್ಚು ಹೆಚ್ಚಾದದ್ದನ್ನು ನೋಡಿ ನಾನು ಇನ್ನಷ್ಟು ಬಚ್ಚಿಟ್ಟೆ. ಹನಿ ಹನಿ ಗೂಡಿ ಹಳ್ಳವಾಗುವುದು ಕಣ್ಣಿಗೆ ಕಂಡರೆ ತಾನೇ ಇನ್ನೊಬ್ಬರಿಗೂ ಒಂದು ಹನಿ ಹಾಕಬೇಕೆನಿಸುವುದು? ನಾನು ಹಳ್ಳವನ್ನೇ ಮುಚ್ಚಿಟ್ಟಿದ್ದೆ.

ಆದ್ದರಿಂದ ಸಮತೋಲನ ಹೇಗೆ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಉಳಿತಾಯ ಒಂದು ತಟ್ಟೆಯಲ್ಲಿ, ಖರ್ಚು ಇನ್ನೊಂದರಲ್ಲಿ, ನಡುವೆ ಮುಳ್ಳು ನೆಟ್ಟಗೆ ನಿಂತರೆ ಸಂಸಾರ ಸರಿಹೋಯಿತು ಎಂಬ ಚಿತ್ರವೇ ತಪ್ಪು. ನಿಮ್ಮ ಮನೆಯಲ್ಲಿ ಇಬ್ಬರ ಒಟ್ಟು ಆದಾಯ, ಒಟ್ಟು ಸಾಲ, ಒಟ್ಟು ಉಳಿತಾಯ ಎಷ್ಟೆಂದು ಇಬ್ಬರಿಗೂ ಒಂದೇ ಅಂಕಿಯಲ್ಲಿ ಗೊತ್ತಿದೆಯೇ? ನೀವು ಬರೆದದ್ದನ್ನು ನೋಡಿದರೆ ಗೊತ್ತಿಲ್ಲ. ಗೊತ್ತಿಲ್ಲದಿರುವಾಗ ಯಾರು ಹೆಚ್ಚು ಖರ್ಚು ಮಾಡುತ್ತಾರೆ ಎಂಬ ವಾದಕ್ಕೆ ಅರ್ಥವಿಲ್ಲ. ನಿಮ್ಮ ಪತಿಯನ್ನು ಬದಲಾಯಿಸುವ ಪ್ರಯತ್ನವನ್ನೂ ಬಿಡಿ. ನನ್ನ ಹೆಂಡತಿ ಇವತ್ತಿಗೂ ಧಾರಾಳಿಯೇ, ನಾನು ಇವತ್ತಿಗೂ ಬಿಲ್ಲು ಕಂಡರೆ ಮುಖ ಹುಳಿ ಮಾಡುತ್ತೇನೆ.

ಬದಲಾದದ್ದು ಲೆಕ್ಕ. ಎಲ್ಲ ಖಾತೆಗಳೂ ಸಾಲಗಳೂ ಒಂದೇ ಹಾಳೆಯಲ್ಲಿ ಇವೆ, ಅದನ್ನು ಇಬ್ಬರೂ ಯಾವಾಗ ಬೇಕಾದರೂ ನೋಡಬಹುದು. ಮನೆಯ ಖರ್ಚಿಗೆ ಇಬ್ಬರೂ ಆದಾಯದ ಪ್ರಮಾಣದಲ್ಲಿ ಹಾಕುತ್ತೇವೆ. ನನ್ನ ಸಂಪಾದನೆ ಒಟ್ಟಿನ ಶೇಕಡಾ 60ರಷ್ಟಿದ್ದ ವರ್ಷ ಖರ್ಚಿನ ಶೇಕಡಾ 60 ನನ್ನದು. ಸರಿಸಮ ಹಾಕೋಣ ಎಂಬುದು ಕೇಳುವುದಕ್ಕೆ ನ್ಯಾಯ, ಆದರೆ ಕಡಿಮೆ ದುಡಿಯುವವರನ್ನು ಸದ್ದಿಲ್ಲದೆ ಸಾಲಕ್ಕೆ ತಳ್ಳುವ ನ್ಯಾಯ ಅದು. ಉಳಿತಾಯ ತಿಂಗಳ ಮೊದಲ ದಿನವೇ ತಾನಾಗಿ ಬೇರೆಯಾಗುತ್ತದೆ, ಏಕೆಂದರೆ ಕೊನೆಯಲ್ಲಿ ಉಳಿದದ್ದನ್ನು ಉಳಿಸುವ ಮನೆಗಳಲ್ಲಿ ಏನೂ ಉಳಿಯುವುದಿಲ್ಲ. ಆಪತ್ತಿಗೆ ಮೂರರಿಂದ ಆರು ತಿಂಗಳ ಖರ್ಚಿನಷ್ಟು ಇರಲಿ ಎಂಬುದು ಸಾಮಾನ್ಯ ಸಲಹೆ. ಅವಳ ಆದಾಯ ಏರಿಳಿಯುವುದರಿಂದ ನಾವು ಆರನ್ನು ಹಿಡಿದೆವು, ಮತ್ತು ಯಾವುದನ್ನು ಆಪತ್ತೆಂದು ಕರೆಯಬೇಕೆಂದು ಮೊದಲೇ ಬರೆದಿಟ್ಟೆವು. ಕೆಟ್ಟ ಕಂಪ್ಯೂಟರ್ ಆ ಪಟ್ಟಿಯ ಮೊದಲನೆಯ ಸಾಲಿನಲ್ಲಿದೆ. ಅದನ್ನು ಬರೆದವಳು ಅವಳು.

ಇದೆಲ್ಲ ಕಳೆದ ಮೇಲೆ ಇಬ್ಬರಿಗೂ ಒಂದೊಂದು ಸ್ವಂತ ಪಾಲು ಇರುತ್ತದೆ. ಇದು ಆದಾಯದ ಪ್ರಮಾಣದಲ್ಲಿ ಅಲ್ಲ, ಇಬ್ಬರಿಗೂ ಒಂದೇ ಮೊತ್ತ, ಮತ್ತು ಏನು ಮಾಡಿದೆ ಎಂದು ಕೇಳುವ ಹಕ್ಕು ಇನ್ನೊಬ್ಬರಿಗಿಲ್ಲ. ಈ ಮಾತನ್ನು ಪಾಲಿಸುವುದು ಖರ್ಚು ಮಾಡುವವರಿಗಿಂತ ಉಳಿಸುವವರಿಗೆ ಹೆಚ್ಚು ಕಷ್ಟ ಎಂದು ಅನುಭವದಿಂದ ಹೇಳುತ್ತೇನೆ. ನನ್ನ ಪಾಲು ಪ್ರತಿ ತಿಂಗಳೂ ಉಳಿಯುತ್ತಿತ್ತು, ಮತ್ತು ಅದನ್ನು ತೋರಿಸಿ ಉಪದೇಶ ಮಾಡುವ ಚಪಲ ನನಗಿತ್ತು. ನಿನ್ನ ಪಾಲಿನಲ್ಲಿ ಉಳಿದದ್ದು ನಿನ್ನ ಸಂತೋಷವೇ ಹೊರತು ನನಗೆ ಪಾಠವಲ್ಲ ಎಂದು ಅವಳು ಮೂರನೆಯ ತಿಂಗಳಲ್ಲೇ ಹೇಳಿ ಬಾಯಿ ಮುಚ್ಚಿಸಿದಳು. ಹಣದ ಮಾತು ತಿಂಗಳಿಗೊಂದು ದಿನ ಮಾತ್ರ. ಬಿಲ್ಲು ಕೈಯಲ್ಲಿರುವಾಗ ಆಡಿದ ಮಾತು ಲೆಕ್ಕವಾಗುವುದಿಲ್ಲ, ಜಗಳವಾಗುತ್ತದೆ.

ಬೇರೆ ಖಾತೆ ಇಡುವುದೇ ತಪ್ಪೇ ಎಂದರೆ ಅಲ್ಲ. ನಿಮ್ಮ ಹೆಸರಿನಲ್ಲಿ ನಿಮ್ಮದೇ ಖಾತೆ ಇರಲಿ. ಅದು ಇದೆ ಎಂಬುದು ಅವರಿಗೆ ಗೊತ್ತಿರಲಿ, ನಾಮನಿರ್ದೇಶನವೂ ಆಗಿರಲಿ. ನನ್ನದರಲ್ಲಿ ನಾಮನಿರ್ದೇಶನವೂ ಆಗಿರಲಿಲ್ಲ. ಆ ನಾಲ್ಕು ವರ್ಷದಲ್ಲಿ ನನಗೇನಾದರೂ ಆಗಿದ್ದರೆ, ಯಾರ ಭವಿಷ್ಯಕ್ಕೆಂದು ಅದನ್ನು ಕೂಡಿಟ್ಟೆನೋ ಅವಳಿಗೆ ಅಂಥದ್ದೊಂದು ಇದೆಯೆಂದೂ ತಿಳಿಯುತ್ತಿರಲಿಲ್ಲ. ಒಂದು ಸಂದರ್ಭವನ್ನು ಮಾತ್ರ ಬೇರೆಯಾಗಿ ಇಡುತ್ತೇನೆ: ಮನೆಯಲ್ಲಿ ಹಿಂಸೆಯಿದ್ದರೆ, ಜೂಜಿನ ಚಟವಿದ್ದರೆ, ನಿಮ್ಮ ದುಡಿಮೆಯನ್ನು ಕಿತ್ತುಕೊಳ್ಳುವವರಿದ್ದರೆ ಗುಟ್ಟಾಗಿ ಇಟ್ಟುಕೊಳ್ಳಿ, ಯಾರಿಗೂ ಹೇಳಬೇಡಿ. ಅದು ರಕ್ಷಣೆಯ ಪ್ರಶ್ನೆ, ಉಳಿತಾಯದ ಪ್ರಶ್ನೆಯಲ್ಲ. ನಿಮ್ಮ ಪತಿಯನ್ನು ನೀವು ವರ್ಣಿಸಿದ ರೀತಿಯಲ್ಲಿ ನನಗೆ ಅಂಥದ್ದೇನೂ ಕಾಣಲಿಲ್ಲ; ಹಳೆಯ ಸ್ನೇಹಿತರಿಗೆ ಉಡುಗೊರೆ ಕೊಡುವ, ಹೊಸ ವಸ್ತುಗಳ ಮೋಹವಿರುವ ಒಬ್ಬ ಮನುಷ್ಯ ಕಂಡ.

ಎರಡು ತಿಂಗಳಿನಿಂದ ಹಣ ಹಾಕುತ್ತಿದ್ದೇನೆ ಎಂದು ಬರೆದಿದ್ದೀರಿ. ಎರಡು ತಿಂಗಳು ಎಂದರೆ ಇನ್ನೂ ನಗುತ್ತ ಹೇಳಬಹುದಾದ ವಿಷಯ. ಅವರು ಯಾವುದೋ ಅಗತ್ಯಕ್ಕೆ ಬಂದು ಕೇಳುವ ಮೊದಲೇ ತೋರಿಸಿ. ಕೇಳಿದ ಮೇಲೆ ತೋರಿಸಿದರೆ ಅದು ತಪ್ಪೊಪ್ಪಿಗೆಯಾಗುತ್ತದೆ.

ನನ್ನ ಹೆಂಡತಿ ಮತ್ತೊಮ್ಮೆ "ನಮ್ಮ ಹತ್ತಿರ ಹಣ ಇದೆಯೇ?" ಎಂದು ಕೇಳುವುದಕ್ಕೆ ಎರಡು ವರ್ಷ ಹಿಡಿಯಿತು. ಇದೆ, ಇಷ್ಟಿದೆ ಎಂದೆ. ಅವಳು ತಲೆಯಾಡಿಸಿ, ಆಮೇಲೆ ಫೋನು ತೆಗೆದು ಹಾಳೆಯಲ್ಲಿ ತಾನೂ ಒಮ್ಮೆ ನೋಡಿಕೊಂಡಳು. ಈಗಲೂ ಹಾಗೆಯೇ ಮಾಡುತ್ತಾಳೆ, ನಾನು ಹೇಳಿದ ಮೇಲೂ ನೋಡುತ್ತಾಳೆ.